ಆಟಕ್ಕೊಂದು ಪೀಠಿಕೆ

ಹ್ವಾಯ್, ಇಲ್ಲಿ ಕಾಣಿ! 1981ರ ಆರ್ಕೇಡ್ ಆಟ ‘ಡಾಂಕಿ ಕಾಂಗ್’. ಆಟ ಶುರುವಾಗುವ ಮೊದಲು ಗೊರಿಲ್ಲಾವೊಂದು ಹುಡುಗಿಯನ್ನು ಎತ್ತಿಕೊಂಡು ಏಣಿ ಹತ್ತುತ್ತದೆ. ಮೇಲೆ ಹೋಗಿ ಧಡಧಡ ಕುಪ್ಪಳಿಸುತ್ತದೆ. ನೆಟ್ಟಗಿದ್ದ ಕಬ್ಬಿಣದ ತೊಲೆಗಳೆಲ್ಲ ಓರೆಯಾಗುತ್ತವೆ. ಕೆಲವೇ ಸೆಕೆಂಡು, ಒಂದು ಮಾತೂ ಇಲ್ಲ. ಆದರೂ ಯಾರನ್ನು ಬಿಡಿಸಬೇಕು, ಪೀಪಾಯಿಗಳು ಯಾಕೆ ಉರುಳಿ ಬರುತ್ತವೆ, ಎಲ್ಲ ಗೊತ್ತಾಯಿತು. ಎಂಥಾ ಜಾಣತನ! ಇದರ ವಿನ್ಯಾಸಕಾರ ಶಿಗೆರು ಮಿಯಾಮೊಟೊ.

ಮಂದಾರ್ತಿ, ಮಾರಣಕಟ್ಟೆ ಮೇಳಗಳ ಯಕ್ಷಗಾನ ಆಟ ನೋಡಿದವರಿಗೆ ಇಂಥ ಪೀಠಿಕೆ ಹೊಸತಲ್ಲ. ಒಡ್ಡೋಲಗದಲ್ಲಿ ವೇಷ ಕುಣಿದು ಬಂದ ಮೇಲೆ ಭಾಗವತರು ಕೇಳುತ್ತಾರೆ, ತಾವು ಯಾರು? ಹೆಸರು, ಊರು, ಬಂದ ಕೆಲಸ ಹೊರಬರುತ್ತದೆ. ಮುಂದಿನ ಯುದ್ಧಕುಣಿತಕ್ಕೆ ಅರ್ಥ ಬರುವುದೇ ಅಲ್ಲಿಂದ.

ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಕೋಡಿಂಗ್ ಕಲಿಯುವ ಮಕ್ಕಳೇ, ನಿಮ್ಮ ಗೇಮಿಗೂ ಹೀಗೊಂದು ಪೀಠಿಕೆ ಬರೆಯಿರಿ: ಗಂಗೊಳ್ಳಿಯ ದೋಣಿ ಕಡಲಲ್ಲಿದೆ, ಬಿರುಗಾಳಿಗಿಂತ ಮೊದಲು ದಡ ಸೇರಬೇಕು. ಇಷ್ಟು ಸಾಕು, ಶುರು ಮಾಡಿ!