ಕಾಸಿಲ್ಲದೆ ಕಲಿಯಿರಿ ಡಿಸೈನ್ ಕೆಲಸ

ವಾಟ್ಸ್‌ಆಪ್‌ನಲ್ಲಿ ಗೃಹಪ್ರವೇಶದ ಕರೆಯೋಲೆ ಬಂದಿರುತ್ತದೆ. ತೆರೆದು ನೋಡಿದರೆ ಹಿಂದೆ ಗುಲಾಬಿ ಹೂ, ಮೇಲೆ ಗಣಪತಿ, ಐದಾರು ಥರದ ಅಕ್ಷರ, ಎಲ್ಲಕ್ಕೂ ನೆರಳು! ಮುಹೂರ್ತ ಎಷ್ಟು ಗಂಟೆಗೆ ಅಂತ ಹುಡುಕುವಷ್ಟರಲ್ಲಿ ಕಣ್ಣು ಸೋತಿರುತ್ತದೆ. ‘ಇದಕ್ಕಿಂತ ನಾನೇ ಚೆನ್ನಾಗಿ ಮಾಡ್ತಿದ್ನಲ್ಲ’ ಎಂದು ನಿಮಗೂ ಅನ್ನಿಸಿದೆಯೇ? ಹಾಗಾದರೆ ಮಕ್ಕಳು ಸ್ಕೂಲಿಗೆ ಹೋದ ಮೇಲೆ ಸಿಗುವ ಒಂದು ಗಂಟೆಯನ್ನು ಗ್ರಾಫಿಕ್ ಡಿಸೈನ್ ಕಲಿಯಲು ಎತ್ತಿಡಿ. ಅದರ ಬೆನ್ನಿಗೇ ವೆಬ್‌ಸೈಟ್ ಮಾಡುವುದನ್ನೂ ಕಲಿಯಬಹುದು. ಸಾವಿರಾರು ರೂಪಾಯಿ ಕಟ್ಟಿ ಕೋರ್ಸ್ ಸೇರಲೇಬೇಕೆಂದಿಲ್ಲ.

ಮೊಬೈಲ್ ಮಾತ್ರ ಇದ್ದರೆ ಕ್ಯಾನ್ವಾದಿಂದ ಶುರು ಮಾಡಿ. ಸಿದ್ಧ ಮಾದರಿಗಳಿರುವುದರಿಂದ ಮೊದಲ ದಿನವೇ ಏನೋ ಒಂದು ಮಾಡಿದ ಖುಷಿ ಸಿಗುತ್ತದೆ. ಆದರೆ ಅಲ್ಲೇ ನಿಂತರೆ ನಿಮ್ಮ ಕಾರ್ಡೂ ಪಕ್ಕದ ಬೀದಿಯವರ ಕಾರ್ಡೂ ಒಂದೇ ಥರ! ಮನೆಯಲ್ಲಿ ಕಂಪ್ಯೂಟರ್ ಇದ್ದರೆ (ಮಗನ ಹಳೇ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ) ಗಿಂಪ್ ಮತ್ತು ಇಂಕ್‌ಸ್ಕೇಪ್ ಹಾಕಿಸಿಕೊಳ್ಳಿ. ಎರಡೂ ಪೂರ್ತಿ ಉಚಿತ. ಫೋಟೊ ತಿದ್ದಲು ಗಿಂಪ್, ಲೋಗೊ, ಲೇಬಲ್ ಬರೆಯಲು ಇಂಕ್‌ಸ್ಕೇಪ್. ಇಂಕ್‌ಸ್ಕೇಪ್‌ನಲ್ಲಿ ಬರೆದ ಗೆರೆಗಳನ್ನು ಅಂಗಡಿ ಬೋರ್ಡಿನಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ.

ಪಾಠ ಹೇಳಿಕೊಡಲು ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಇದೆ. ಸಣ್ಣ ಸಣ್ಣ ವಿಡಿಯೊಗಳು, ಎಷ್ಟೋ ಪಾಠಗಳಿಗೆ ಕನ್ನಡದ ಧ್ವನಿಯೂ ಉಂಟು. ಆದರೆ ಧಾರಾವಾಹಿ ನೋಡಿದ ಹಾಗೆ ಒಂದಾದ ಮೇಲೊಂದು ನೋಡುತ್ತಾ ಕೂರಬೇಡಿ. ಟಿ.ವಿ.ಯಲ್ಲಿ ಅಡುಗೆ ನೋಡಿದ ಮಾತ್ರಕ್ಕೆ ಯಾರಿಗಾದರೂ ಒಬ್ಬಟ್ಟು ತಟ್ಟೋಕೆ ಬಂದಿದೆಯೇ? ನಿಜವಾದ ಕೆಲಸವೊಂದನ್ನು ಕೈಗೆತ್ತಿಕೊಳ್ಳಿ, ಅದಕ್ಕೆ ಬೇಕಾದ ಪಾಠವನ್ನಷ್ಟೇ ನೋಡಿ.

ಎದುರು ಮನೆಯವರು ಚಟ್ನಿಪುಡಿ ಮಾಡಿ ಮಾರುತ್ತಾರೆ ಅಂದುಕೊಳ್ಳಿ. ಅದರ ಲೇಬಲ್ಲೇ ನಿಮ್ಮ ಮೊದಲ ಪಾಠ. ಪುಡಿಯ ಹೆಸರು, ಏನೇನು ಹಾಕಿದೆ, ತೂಕ, ಬೆಲೆ, ತಯಾರಿಸಿದ ದಿನ, ಎಷ್ಟು ದಿನ ಬಾಳುತ್ತದೆ, ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಸಸ್ಯಾಹಾರದ ಹಸಿರು ಚುಕ್ಕಿ ಇವೆಲ್ಲ ಅಂಗೈಯಗಲದ ಜಾಗದಲ್ಲಿ ಕೂರಬೇಕು. ಯಾವುದು ದೊಡ್ಡದು, ಯಾವುದು ಚಿಕ್ಕದು, ಎಲ್ಲಿ ಖಾಲಿ ಬಿಡಬೇಕು ಎಂದು ತೀರ್ಮಾನಿಸುವುದೇ ಡಿಸೈನ್. ಎರಡು ಬಗೆಯ ಅಕ್ಷರ, ಎರಡು ಮೂರು ಬಣ್ಣ ಸಾಕು. ಮುಗಿದ ಮೇಲೆ ಅದೇ ಅಳತೆಗೆ ಪ್ರಿಂಟ್ ತೆಗೆದು ಡಬ್ಬಿಗೆ ಸುತ್ತಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಹೆಸರು ಓದಲು ಬರದಿದ್ದರೆ ಮತ್ತೆ ಕೂರಬೇಕು!

ಇನ್ನು ಕನ್ನಡ ಅಕ್ಷರಗಳ ತಾಪತ್ರಯ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ವೆಬ್‌ಸೈಟಿಗೆ ಅಂಟಿಸಿದರೆ ಅರ್ಥವಾಗದ ಗೀಚು ಕಾಣಿಸುತ್ತದೆ. ಹಾಗಾಗಿ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ತಿರೊ ಕನ್ನಡ ಎಲ್ಲ ಉಚಿತ, ವ್ಯಾಪಾರಕ್ಕೂ ಬಳಸಬಹುದು. ಇಂಗ್ಲಿಷಿಗಿಂತ ಕನ್ನಡಕ್ಕೆ ಸಾಲುಗಳ ನಡುವೆ ಹೆಚ್ಚು ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ.

ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಫೋಟೊ ಎಲ್ಲವೂ ನಮ್ಮದಲ್ಲ. ಪೆಕ್ಸೆಲ್ಸ್, ಅನ್‌ಸ್ಪ್ಲ್ಯಾಶ್ ತಾಣಗಳ ಉಚಿತ ಚಿತ್ರಗಳನ್ನು ನಿಬಂಧನೆ ಓದಿ ಬಳಸಿ. ಚಟ್ನಿಪುಡಿಗಾದರೆ ಕಿಟಕಿ ಬೆಳಕಿನಲ್ಲಿ ನೀವೇ ತೆಗೆದ ಫೋಟೊವೇ ಮೇಲು. ಪ್ರಿಂಟಿಂಗ್ ಪ್ರೆಸ್‌ಗೆ ಕೊಡುವ ಚಿತ್ರ 300 ಡಿಪಿಐ ಇರಲಿ, ಕತ್ತರಿಸಲು ಸುತ್ತ 3 ಮಿ.ಮೀ. ಬಣ್ಣ ಹೆಚ್ಚು ಬಿಡಿ. ವಾಟ್ಸ್‌ಆಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ, ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಎಂದು ಕಳಿಸಿ.

ವೆಬ್‌ಸೈಟ್ ಅಂದರೆ ಹೆದರಬೇಡಿ. ಎಚ್‌ಟಿಎಂಎಲ್ ಕಲಿಯಲು ನೋಟ್‌ಪ್ಯಾಡ್ ಸಾಕು, ಮಾಡಿದ ಪುಟವನ್ನು ಇಂಟರ್‌ನೆಟ್ ಇಲ್ಲದೆಯೂ ತೆರೆದು ನೋಡಬಹುದು. ಡಬ್ಲ್ಯು3ಸ್ಕೂಲ್ಸ್, ಫ್ರೀಕೋಡ್‌ಕ್ಯಾಂಪ್ ಇಂಗ್ಲಿಷಿನಲ್ಲಿದ್ದರೂ ಉದಾಹರಣೆ ಮಾಡುತ್ತಾ ಹೋದರೆ ಅರ್ಥವಾಗುತ್ತವೆ. ಕೋಡ್ ಬೇಡವೆನ್ನುವವರಿಗೆ ವರ್ಡ್‌ಪ್ರೆಸ್ ಡಾಟ್ ಕಾಮ್ ಇದೆ. ಅಲ್ಲಿ ಉಚಿತವಾಗಿ ಮಾಡಿದರೆ ವಿಳಾಸದಲ್ಲಿ ಅವರ ಹೆಸರೂ ಇರುತ್ತದೆ. ಸ್ವಂತ ವಿಳಾಸ ಬೇಕೆಂದರೆ ವರ್ಷ ವರ್ಷ ದುಡ್ಡು ಕಟ್ಟಬೇಕು. ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗದೆ, ಎರಡನೇ ವರ್ಷ ಎಷ್ಟು ಅಂತ ಮೊದಲೇ ನೋಡಿ. ಆ ವಿಳಾಸವನ್ನು ಕೆಲಸ ಕೊಟ್ಟವರ ಹೆಸರಲ್ಲೇ ಕೊಳ್ಳಿ.

ಕೈ ಕುದುರಿದ ಮೇಲೆ ‘ಮನೆಯಲ್ಲೇ ಡಿಸೈನ್ ಕೆಲಸ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎನ್ನುವ ಮೆಸೇಜುಗಳು ಬರಬಹುದು. ಕೆಲಸ ಕೊಡುವವರು ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕಟ್ಟಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇದಕ್ಕಿಂತ ಕಷ್ಟದ್ದು ನೆಂಟರ ವಿಷಯ. ‘ಎರಡು ಗುಂಡಿ ಒತ್ತೋಕೆ ದುಡ್ಡು ಬೇರೆ ಕೊಡ್ಬೇಕೇನೇ?’ ಎಂಬ ಮಾತು ಮೊದಲು ಬರುವುದೇ ಅವರಿಂದ. ಮೊದಲಿನ ಒಂದೆರಡು ಕೆಲಸವನ್ನು ಅಭ್ಯಾಸಕ್ಕೆಂದು ಸುಮ್ಮನೆ ಮಾಡಿಕೊಡಿ, ತಪ್ಪಿಲ್ಲ. ಆಮೇಲೆ ದರ ಮೊದಲೇ ಹೇಳಿ, ಅರ್ಧ ಮುಂಗಡ ತೆಗೆದುಕೊಳ್ಳಿ. ತಿದ್ದುಪಡಿ ಎರಡೇ ಸಲ ಎಂದು ಬರೆದೂ ಕಳಿಸಿ, ಇಲ್ಲದಿದ್ದರೆ ‘ಆ ಕೆಂಪು ಸ್ವಲ್ಪ ಜಾಸ್ತಿ ಆಯ್ತಮ್ಮಾ’ ಅಂತ ಅತ್ತಿಗೆಯ ಫೋನ್ ಒಗ್ಗರಣೆ ಹಾಕುವಾಗಲೂ ಬರುತ್ತಿರುತ್ತದೆ.