ಒಣಗಿದ ಕೌದಿಯೊಳಗೆ ಒಂದು ಲೋಟ ನೀರು!

ಎರಡು ಕೆ.ಜಿ. ತೂಗುವ ಹತ್ತಿಯ ಕೌದಿಯನ್ನು ದಿಲ್ಲಿಯ ಜನಕಪುರಿಯ ಚಳಿಗಾಲದ ಬಿಸಿಲಿಗೆ ಇಡೀ ದಿನ ಹರವಿ, ಸಂಜೆ ಮುಟ್ಟಿ ನೋಡಿ ಗರಿಗರಿ ಒಣಗಿತೆಂದು ಮಡಚಿಡುತ್ತೇವಲ್ಲ, ಆಗಲೂ ಅದರ ಒಡಲಲ್ಲಿ 100 ಗ್ರಾಮಿಗೂ ಮಿಕ್ಕಿದ ನೀರು ಕೂತಿರುತ್ತದೆ! ಕೈಗೆ ತಾಗದು, ಕಣ್ಣಿಗೆ ಕಾಣದು. ಸಾಮಾನ್ಯ ಗಾಳಿಯಲ್ಲಿ ಹತ್ತಿ ತನ್ನ ತೂಕದ ನೂರಕ್ಕೆ ಏಳೆಂಟು ಪಾಲಿನಷ್ಟು ನೀರನ್ನು ಹಿಡಿದುಕೊಂಡೇ ಇರುತ್ತದೆ. ಇಷ್ಟೇ ಆಗಿದ್ದರೆ ಬೆರಗಾಗುತ್ತಿರಲಿಲ್ಲ. ಹೊಸದಾಗಿ ಒಗೆದ ಕೌದಿ ಹಲಗೆಯಂತೆ ಸೆಟೆದು ನಿಲ್ಲುವುದಕ್ಕೆ ಈ ನೀರೇ ಕಾರಣವಂತೆ! ನೀರು ಹೋಗಿದ್ದರಿಂದಲ್ಲ, ಉಳಿದದ್ದರಿಂದ!

ಇದನ್ನು ಹಿಡಿದವರು ಜಪಾನಿನವರು. ಕಾವೊ ಎಂಬ ಸಾಬೂನು ಕಂಪನಿ ಮತ್ತು ಹೊಕ್ಕೈಡೊ ವಿಶ್ವವಿದ್ಯಾಲಯದ ಸಂಶೋಧಕರು ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ ಹತ್ತಿಯ ಎಳೆಯ ಮೈಯನ್ನು ತಡವಿ ನೋಡಿ 2020ರಲ್ಲಿ ಬರೆದರು: ಎಳೆಗೆ ಅಂಟಿ ಉಳಿದ ನೀರು ಮಾಮೂಲಿ ನೀರಿನಂತಿಲ್ಲ, ಒಂದು ಎಳೆಯನ್ನು ಪಕ್ಕದ ಎಳೆಗೆ ಬೆಸೆಯುವ ಗೋಂದಿನಂತಿದೆ. ಬಟ್ಟೆಯ ನೀರನ್ನು ಪೂರ್ತಿ ತೆಗೆದುಹಾಕಿದರೆ ಅದು ಮೆತ್ತಗೇ ಉಳಿಯುತ್ತದೆ. ಅದಕ್ಕೇ ಮತ್ತೆ ನೀರು ಚಿಮುಕಿಸಿ ಸುಮ್ಮನೆ ಆರಲು ಬಿಟ್ಟರೆ ಸೆಟೆದುಕೊಳ್ಳುತ್ತದೆ!

ನಮ್ಮ ಬ್ಲಾಕಿನಲ್ಲಿ ಮಗನ ಮನೆಗೆ ಬಂದಿರುವ ಬಾಗಲಕೋಟೆ ಕಡೆಯ ಆಯಿಯೊಬ್ಬರಿದ್ದಾರೆ. ಈ ಸುದ್ದಿಯನ್ನು ಉಸಿರುಗಟ್ಟಿಕೊಂಡು ಅವರಿಗೆ ಹೇಳಿದೆ. ಅವರಿಗೆ ಅಚ್ಚರಿಯೇ ಆಗಲಿಲ್ಲ. “ಹಸೀ ಕೌದಿ ಹಂಗಽ ಬಿಟ್ರ ಕಟಗೀ ಆಗ್ತದವಾ. ಅರಿವಾರಿ ಆದಾಗ ಇಬ್ರು ಹಿಡದು ಜಾಡಸ್ಬೇಕು, ಮತ್ತ ಹಾಕ್ಬೇಕು, ಮತ್ತ ಜಾಡಸ್ಬೇಕು” ಅಂದರು. ನೋಡಿ! ಗೋಂದು ಗಟ್ಟಿಯಾಗುವ ಹೊತ್ತಿನಲ್ಲೇ ಎಳೆಗಳನ್ನು ಅಲುಗಿಸಿ ಬೆಸುಗೆ ಕೂಡದಂತೆ ಮಾಡುವುದು ಇದೇ ತಾನೆ? ಡ್ರೈಯರ್ ಯಂತ್ರದಲ್ಲಿ ಉರುಳಿ ಬಂದ ಬಟ್ಟೆ ಮೆತ್ತಗಿರುವುದೂ, ಬಯಲ ಗಾಳಿಗೆ ಬಡಿದಾಡಿದ ಬಟ್ಟೆ ನಾಲ್ಕು ಗೋಡೆಯ ಬಾಲ್ಕನಿಯಲ್ಲಿ ನೇತಾಡಿದ್ದಕ್ಕಿಂತ ಮೆದುವಾಗಿರುವುದೂ ಇದರಿಂದಲೇ.

ಎಳೆಗಳ ಕಥೆ ಹೀಗಾದರೆ ಪದರಗಳದ್ದು ಇನ್ನೂ ಮೋಜು. ಕೌದಿಯಲ್ಲಿ ಐದು ಪದರ ಹಳೆ ಸೀರೆ ಇದೆ ಅನ್ನಿ. ಪುಸ್ತಕದ ಹಾಳೆಗಳಂತೆ ಅವು ಒಂದರ ಮೇಲೊಂದು ಜಾರುತ್ತಿದ್ದರೆ, ಬಾಗಿಸಲು ಒಂದು ಪದರಕ್ಕೆ ಬೇಕಾದ ಬಲದ 5 ಪಟ್ಟು ಸಾಕು. ಅವೇ ಐದು ಅಂಟಿಕೊಂಡು ಒಂದೇ ತುಂಡಾದರೆ? 5 ಪಟ್ಟಲ್ಲ, 25 ಪಟ್ಟೂ ಅಲ್ಲ, 5ರ ಘನ: 125 ಪಟ್ಟು! ನಿಜವಾದ ಕೌದಿ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಎಲ್ಲಿ ಎಂಬುದನ್ನು ತೀರ್ಮಾನಿಸುವುದು ಹೊಲಿಗೆ. ಇರುಕಿರುಕಾಗಿ, ದಾರ ಜಗ್ಗಿ ಹೊಲಿದಷ್ಟೂ ಪದರಗಳಿಗೆ ಜಾರಲು ಎಡೆಯಿಲ್ಲ. ಮಿಷನ್ ಹೊಲಿಗೆಯಲ್ಲಂತೂ ಮೇಲಿನ ದಾರ ಕೆಳಗಿನ ದಾರ ಎರಡೂ ಸೇರಿ ಬಟ್ಟೆಯನ್ನು ಕಚ್ಚಿ ಹಿಡಿಯುತ್ತವೆ. ಕೈಹೊಲಿಗೆಯ ಒಂಟಿ ದಾರ ಮೇಲೆ ಕೆಳಗೆ ಓಡುತ್ತ, ಹಿಡಿದೂ ಹಿಡಿಯದಂತೆ ಬಿಟ್ಟಿರುತ್ತದೆ.

ಇದನ್ನು ಲೆಕ್ಕವಿಲ್ಲದೆ ಬಲ್ಲವರು ನಮ್ಮ ಹಲಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು. ಆಫ್ರಿಕಾದ ಬೇರುಗಳ ಈ ಸಮುದಾಯದ ಕವಂದ್ ಎಂಬ ಕೌದಿಗಳ ಬಗ್ಗೆ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಬರೆದಿದ್ದಾರೆ. 2004ರಲ್ಲಿ ಆ ಮಹಿಳೆಯರ ಕೌದಿ ಸಹಕಾರ ಕೂಟ ಕಟ್ಟಲೂ ನೆರವಾದರು. ಈ ಹೆಂಗಸರ ಹೊಲಿಗೆಗೆ ಚೌಕಟ್ಟಿಲ್ಲ, ಗುರುತಿನ ಗೆರೆಯಿಲ್ಲ! ಒಂದು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ತುಂಡು ಕೂಡಿಸುತ್ತ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಮಡಚಿದ ಮುಕ್ಕೋನದ ‘ಫೂಲ’ ಇಡದಿದ್ದರೆ ಕವಂದ್ ಬೆತ್ತಲೆಯೇ ಸರಿ. ಬಟ್ಟೆಯೆಲ್ಲ ಉಟ್ಟು, ಒಗೆದು, ಕಲ್ಲಿಗೆ ಬಡಿದು ಗಂಜಿ ಬಿಟ್ಟದ್ದು. ಅಂಗಡಿಯಿಂದ ತಂದ ಹೊಸ ಬಟ್ಟೆಯನ್ನು ಒಗೆಯದೆ ಹೊಲಿಗೆಗೆ ಹಾಕುವ ನಮ್ಮಂಥವರು ಮೊದಲು ಬಿಸಿನೀರಲ್ಲಿ ನೆನೆಸಿ ಆ ಗಂಜಿ ಕಳೆಯಬೇಕು. ಇಲ್ಲದಿದ್ದರೆ ಮುಂದಿನ ಕಸರತ್ತೆಲ್ಲ ವ್ಯರ್ಥ.

ಇನ್ನು ನೀರು. ಬೋರ್‌ವೆಲ್ ನೀರಿನ ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವುದನ್ನು ಕಂಡಿದ್ದೀರಷ್ಟೆ? ಅದೇ ಸುಣ್ಣದಂಶ ಬಾರ್ ಸೋಪಿನ ಜತೆ ಸೇರಿದರೆ ಕರಗದ ಜಿಗುಟು ಕೆನೆಯಾಗಿ ಪದರಗಳ ಮಧ್ಯೆ ಕೂರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಕೌದಿಗಂತೂ ಕಡಿಮೆಯಿದ್ದಷ್ಟೂ ಸುಖ. ಉತ್ತರ ಕರ್ನಾಟಕದಲ್ಲಿ ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊತ್ತು ಹಳ್ಳಕ್ಕೆ ಹೋಗುವುದು ಶುದ್ಧಿಗಾಗಿಯೇ ಸರಿ. ಆದರೆ ಆಗಷ್ಟೇ ಮಳೆಗಾಲ ಕಳೆದು, ಹಳ್ಳದಲ್ಲಿ ಹರಿಯುವುದು ಬಹುಪಾಲು ಮಳೆಯ ಮೆದು ನೀರು! ಕೌದಿ ಮೆತ್ತಗಾಗಲು ಅದಕ್ಕಿಂತ ಒಳ್ಳೆಯ ಕಾಲ ಯಾವುದು, ಹೇಳಿ! ಇಲ್ಲಿ ಹಳ್ಳ ಎಲ್ಲಿಂದ ತರೋಣ? ಪುಡಿ ಕಮ್ಮಿ ಹಾಕಿ, ಇನ್ನೊಂದು ಸಲ ಜಾಲಿಸಿ, ಕೊನೆಯ ನೀರಿಗೆ ಅರ್ಧ ಬಟ್ಟಲು ಬಿಳಿ ವಿನೆಗರ್ ಹಾಕಿದರೆ ಸುಣ್ಣ, ಸೋಡದ ಕೊಸರು ಬಿಡುತ್ತದೆ. ಘಮಘಮ ಸಾಫ್ಟ್‌ನರ್ ಬೇಡವೇ ಎಂದರೆ, ಮೆತ್ತಗೇನೋ ಮಾಡುತ್ತದೆ. ಆದರೆ ಎಳೆಗೆ ಜಿಡ್ಡಿನ ಹೊದಿಕೆ ಹಾಕಿ ಹತ್ತಿಯ ನೀರು ಹೀರುವ ಗುಣವನ್ನೇ ಕುಗ್ಗಿಸುತ್ತದೆ. ಮಗುವಿನ ಕೌದಿಗೆ ನಾನಂತೂ ಹಾಕೆ.

ಇಷ್ಟು ತಿಳಿದ ಮೇಲೆ ಸುಮ್ಮನಿರಲಾದೀತೆ? 2014ರಲ್ಲಿ ತೆರೆದ ನಮ್ಮ ಜನಕಪುರಿಯ ದಿಲ್ಲಿ ಹಾಟ್‌ನಲ್ಲಿ ಯಾವ ರಾಜ್ಯದ ರಜಾಯಿ ಕಂಡರೂ ಈಗ ಮೊದಲು ಬಣ್ಣ ನೋಡುವುದಿಲ್ಲ. ಹೆಬ್ಬೆಟ್ಟು ತೋರುಬೆರಳ ನಡುವೆ ಹಿಡಿದು ಮೇಲಿನ ಪದರವನ್ನು ಕೆಳಗಿನದರ ಮೇಲೆ ಉಜ್ಜುತ್ತೇನೆ. ಜಾರಿತೋ, ಬೆಲೆ ಕೇಳುತ್ತೇನೆ. ಜಾರದಿದ್ದರೆ ಅಂಗಡಿಯವನು ಎಷ್ಟೇ ಹೊಗಳಿದರೂ ಮುಂದಿನ ಮಳಿಗೆ!