ಲೆಕ್ಕ ತೆರೆದಿಟ್ಟ ಕಂಪನಿ

ಹತ್ತು ಸಾವಿರ ರೂಪಾಯಿಯಲ್ಲಿ ಆರಂಭವಾದ ಇನ್ಫೊಸಿಸ್ ಇಂದು ಮೂರು ಲಕ್ಷಕ್ಕೂ ಹೆಚ್ಚು ಮಂದಿ ದುಡಿಯುವ ಸಂಸ್ಥೆ. ಅಲ್ಲಿ ಕೆಲಸ ನಡೆಯುವ, ಕೆಲಸ ಕಲಿಸುವ, ಲೆಕ್ಕ ಒಪ್ಪಿಸುವ ಬಗೆಯ ಪರಿಚಯ ಇಲ್ಲಿದೆ.

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಕಾಯುವುದು ಕ್ಯಾಂಪಸ್ ಇಂಟರ್‌ವ್ಯೂ ದಿನಕ್ಕಾಗಿ. ಸೆಮಿನಾರ್ ಹಾಲಿನ ಹೊರಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹುಡುಗರು, ಅಂಕಪಟ್ಟಿಗಳ ಫೈಲನ್ನು ಎದೆಗೊತ್ತಿಕೊಂಡ ಹುಡುಗಿಯರು ಬೆಳಿಗ್ಗೆಯಿಂದ ನಿಂತಿರುತ್ತಾರೆ. ಸಂಜೆ ಆಯ್ಕೆಯಾದವರ ಹೆಸರು ಓದುತ್ತಿದ್ದಂತೆ ಮೊದಲ ಫೋನು ಊರಿಗೆ ಹೋಗುತ್ತದೆ. ಆ ತುದಿಯಲ್ಲಿರುವ ಅಪ್ಪನಿಗೆ ಜಾವಾ, ಪೈಥಾನ್ ಏನೆಂದು ತಿಳಿಯದಿರಬಹುದು. ಇನ್ಫೊಸಿಸ್ ಎಂದರೆ ಮಾತ್ರ ತಿಳಿಯುತ್ತದೆ. 'ನಮ್ಮ ಹುಡುಗನಿಗೆ ಇನ್ಫೊಸಿಸ್‌ನಲ್ಲಿ ಆಯ್ತಂತೆ' ಎಂಬ ಮಾತು ರಾತ್ರಿ ಊಟದ ಹೊತ್ತಿಗೆ ಕೇರಿಯೆಲ್ಲ ಸುತ್ತಿ ಬಂದಿರುತ್ತದೆ.

ಸಾಫ್ಟ್‌ವೇರ್ ಕಣ್ಣಿಗೆ ಕಾಣುವ ಸರಕಲ್ಲ. ಅದನ್ನು ಮಾರುವ ಕಂಪನಿಯೊಂದು ಇಷ್ಟೊಂದು ಮನೆಗಳ ನಂಬಿಕೆ ಗಳಿಸಿದ್ದು ಹೇಗೆ? ದೊಡ್ಡ ಕಟ್ಟಡ, ಹುಲ್ಲುಹಾಸು, ಗಾಜಿನ ಪಿರಮಿಡ್ಡು ಇವೆಲ್ಲ ಆಮೇಲೆ ಬಂದವು. ಮೊದಲು ಬಂದದ್ದು ಲೆಕ್ಕ ಒಪ್ಪಿಸುವ ರೂಢಿ. ಗ್ರಾಹಕರಿಗೆ ಕೆಲಸದ ಲೆಕ್ಕ, ಷೇರುದಾರರಿಗೆ ಹಣದ ಲೆಕ್ಕ. ಈ ಕಂಪನಿಯನ್ನು ಅರ್ಥ ಮಾಡಿಕೊಳ್ಳಲು ನನಗೆ ಸಿಕ್ಕ ಒಳ್ಳೆಯ ಬಾಗಿಲು ಇದೇ.

ಪುಣೆಯಿಂದ ಬೆಂಗಳೂರಿಗೆ

1981ರ ಜುಲೈಯಲ್ಲಿ ಪುಣೆಯಲ್ಲಿ ಇನ್ಫೊಸಿಸ್ ನೋಂದಣಿಯಾಯಿತು. ಪಾಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಲ್ಲಿ ಜೊತೆಯಾಗಿ ದುಡಿದಿದ್ದ ಏಳು ಮಂದಿ ಅದರ ಸ್ಥಾಪಕರು: ಎನ್.ಆರ್. ನಾರಾಯಣಮೂರ್ತಿ, ನಂದನ್ ನಿಲೇಕಣಿ, ಎನ್.ಎಸ್. ರಾಘವನ್, ಎಸ್. ಗೋಪಾಲಕೃಷ್ಣನ್, ಎಸ್.ಡಿ. ಶಿಬುಲಾಲ್, ಕೆ. ದಿನೇಶ್ ಮತ್ತು ಅಶೋಕ್ ಅರೋರಾ. ನಾರಾಯಣಮೂರ್ತಿಯವರ ಪತ್ನಿ ಸುಧಾ ಮೂರ್ತಿ ತಮ್ಮ ಉಳಿತಾಯದಿಂದ ಕೊಟ್ಟ 10,000 ರೂಪಾಯಿಯೇ ಮೊದಲ ಬಂಡವಾಳ. ಅವರು ಸ್ವತಃ ಎಂಜಿನಿಯರ್. ಆದರೂ ಗಂಡ ಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿರುವುದು ಬೇಡವೆಂದು ನಾರಾಯಣಮೂರ್ತಿ ತೀರ್ಮಾನಿಸಿದ್ದರಿಂದ ಸುಧಾ ಹೊರಗುಳಿದರು. ಸಂಸ್ಥೆ ಮನೆತನದ ಸೊತ್ತಾಗಬಾರದು ಎಂಬ ನಿಲುವು ಆಗಲೇ ಮೊಳೆತಿತ್ತು.

1983ರಲ್ಲಿ ಕಂಪನಿ ಬೆಂಗಳೂರಿಗೆ ಬಂತು. ದೇಶದೊಳಗಿನ ಮೊದಲ ದೊಡ್ಡ ಗ್ರಾಹಕ, ಆಡುಗೋಡಿಯ ಮೈಕೊ ಕಾರ್ಖಾನೆ ಇದ್ದದ್ದು ಇಲ್ಲೇ. ಅದು ಪರವಾನಗಿಗಳ ಕಾಲ. ಒಂದು ಕಂಪ್ಯೂಟರ್ ಆಮದು ಮಾಡಿಕೊಳ್ಳಲು ದೆಹಲಿಗೆ ಮತ್ತೆ ಮತ್ತೆ ಎಡತಾಕಬೇಕಿತ್ತು. ಟೆಲಿಫೋನ್ ಸಂಪರ್ಕಕ್ಕೂ ವರ್ಷಗಟ್ಟಲೆ ಕಾಯಬೇಕಿತ್ತು.

1990ರಲ್ಲಿ ಕಂಪನಿಯನ್ನೇ ಕೊಳ್ಳುವ ಪ್ರಸ್ತಾವ ಬಂತು. ಬೆಲೆ ಹತ್ತು ಲಕ್ಷ ಡಾಲರ್. ಒಂಬತ್ತು ವರ್ಷ ದುಡಿದು ದಣಿದವರಿಗೆ ಅದು ಸಣ್ಣ ಮೊತ್ತವೇನಲ್ಲ. ಸ್ಥಾಪಕರು ಬೆಂಗಳೂರಿನ ಪುಟ್ಟ ಕಚೇರಿಯಲ್ಲಿ ಕೂತು ಮಾತಾಡಿದರು. ಮಾರುವುದೇ ಆದರೆ ನಿಮ್ಮೆಲ್ಲರ ಪಾಲನ್ನು ನಾನೇ ಕೊಳ್ಳುತ್ತೇನೆ ಎಂದುಬಿಟ್ಟರು ಮೂರ್ತಿ. ಕೈಯಲ್ಲಿ ಹಣವಿರಲಿಲ್ಲ, ವಿಶ್ವಾಸವಿತ್ತು. ಮಾರಾಟದ ಮಾತು ಅಲ್ಲಿಗೇ ನಿಂತಿತು. ಮರುವರ್ಷ ದೇಶದ ಆರ್ಥಿಕ ನೀತಿಯೇ ಬದಲಾಗಿ ಬಾಗಿಲುಗಳು ತೆರೆದವು.

ಎರಡು ದಡಗಳ ನಡುವೆ ಕೆಲಸ

ಇನ್ಫೊಸಿಸ್ ರೂಢಿಸಿಕೊಂಡ ವ್ಯವಹಾರ ಪದ್ಧತಿಗೆ 'ಗ್ಲೋಬಲ್ ಡೆಲಿವರಿ ಮಾಡೆಲ್' ಎಂದು ಹೆಸರು. ಹೆಸರು ಭಾರಿಯಾದರೂ ಒಳಗಿನ ವಿಚಾರ ಸರಳ. ಅಮೆರಿಕದ ಒಂದು ಬ್ಯಾಂಕಿಗೆ ಹೊಸ ಸಾಫ್ಟ್‌ವೇರ್ ಬೇಕು ಎನ್ನಿ. ಗ್ರಾಹಕರ ಜೊತೆ ಕೂತು ಅವರ ಅಗತ್ಯ ತಿಳಿಯುವ ಕೆಲಸಕ್ಕೆ ಕೆಲವೇ ಮಂದಿ ಅಲ್ಲಿಗೆ ಹೋಗುತ್ತಾರೆ. ಇದು 'ಆನ್‌ಸೈಟ್'. ಕೋಡ್ ಬರೆಯುವುದು, ಪರೀಕ್ಷಿಸುವುದು, ದುರಸ್ತಿ ಮಾಡುವುದು ಇಂಥ ಹೆಚ್ಚಿನ ಪಾಲು ಕೆಲಸ ಬೆಂಗಳೂರು, ಮೈಸೂರು, ಮಂಗಳೂರು, ಪುಣೆಯಂಥ ಊರುಗಳ ಕೇಂದ್ರಗಳಲ್ಲಿ ನಡೆಯುತ್ತದೆ. ಇದು 'ಆಫ್‌ಶೋರ್'. ನ್ಯೂಯಾರ್ಕಿನವರು ಸಂಜೆ ಆರಕ್ಕೆ ಮನೆಗೆ ಹೊರಟಾಗ ಇಲ್ಲಿ ಬೆಳಗಿನ ಜಾವ. ಅವರು ಬಿಟ್ಟುಹೋದ ಸಮಸ್ಯೆಯನ್ನು ಇಲ್ಲಿಯವರು ಹಗಲೆಲ್ಲ ಬಿಡಿಸಿಟ್ಟರೆ ಅವರು ಎದ್ದು ಬರುವ ಹೊತ್ತಿಗೆ ಉತ್ತರ ಸಿದ್ಧ.

ಹೇಳುವಷ್ಟು ಸುಲಭವಲ್ಲ ಇದು. ಸಾವಿರಾರು ಮೈಲಿ ದೂರದಲ್ಲಿ, ಮುಖವನ್ನೇ ನೋಡದ ಜನ ಬರೆದ ಕೋಡನ್ನು ಒಂದು ಬ್ಯಾಂಕು ನಂಬಬೇಕು. ಆ ನಂಬಿಕೆಗೆ ಆಧಾರ ಕೊಟ್ಟದ್ದು ಬರೆದಿಡುವ ಶಿಸ್ತು.

ಪ್ರತಿ ತಪ್ಪಿಗೂ ಒಂದು ದಾಖಲೆ

ಆ ಶಿಸ್ತನ್ನು ತುಸು ಹತ್ತಿರದಿಂದ ನೋಡೋಣ. ಒಬ್ಬ ಹುಡುಗಿ ಪ್ರೋಗ್ರಾಂನ ಒಂದು ಭಾಗ ಬರೆದು ಮುಗಿಸಿದ್ದಾಳೆ. ಅದು ನೇರವಾಗಿ ಗ್ರಾಹಕರಿಗೆ ಹೋಗುವುದಿಲ್ಲ. ಮೊದಲು ತಂಡದ ಇನ್ನೊಬ್ಬರು ಸಾಲು ಸಾಲಾಗಿ ಓದುತ್ತಾರೆ. ಇದೇ 'ರಿವ್ಯೂ'. ಸಿಕ್ಕ ಪ್ರತಿ ದೋಷವೂ ದಾಖಲಾಗುತ್ತದೆ: ಎಲ್ಲಿ ಸಿಕ್ಕಿತು, ಯಾವ ಹಂತದಲ್ಲಿ ನುಸುಳಿತ್ತು, ಸರಿಪಡಿಸಲು ಎಷ್ಟು ಹೊತ್ತು ಹಿಡಿಯಿತು. ಪ್ರಾಜೆಕ್ಟ್ ಮುಗಿದ ಮೇಲೆ ಈ ಅಂಕಿಗಳೆಲ್ಲ ಸಂಸ್ಥೆಯ ದತ್ತಾಂಶ ಸಂಗ್ರಹಕ್ಕೆ ಸೇರುತ್ತವೆ. ಮುಂದೆ ಅಂಥದ್ದೇ ಕೆಲಸ ಬಂದಾಗ ಮ್ಯಾನೇಜರ್ ಊಹೆಯ ಮೇಲೆ ದಿನ ಲೆಕ್ಕ ಹಾಕಬೇಕಿಲ್ಲ. ಹಿಂದಿನ ಕೆಲಸಕ್ಕೆ ಎಷ್ಟು ಜನ, ಎಷ್ಟು ದಿನ ಬೇಕಾಯಿತು, ಎಷ್ಟು ದೋಷ ಉಳಿದವು ಎಂಬುದು ಕಣ್ಣೆದುರೇ ಇರುತ್ತದೆ. ಒಂದೇ ಬಗೆಯ ತಪ್ಪು ಮರುಕಳಿಸಿದರೆ ತಂಡವೇ ಕೂತು ಕಾರಣ ಹುಡುಕುತ್ತದೆ. ಯಾರು ಮಾಡಿದರು ಎಂಬುದಕ್ಕಿಂತ ಯಾಕೆ ಆಯಿತು ಎಂಬುದು ಅಲ್ಲಿ ಮುಖ್ಯವಾಗಬೇಕು. ಪದ್ಧತಿಯ ಜೀವಾಳವೇ ಅದು.

1999ರ ಕೊನೆಯಲ್ಲಿ ಇನ್ಫೊಸಿಸ್‌ಗೆ ಸಿಎಂಎಂ ಐದನೇ ಹಂತದ ಮಾನ್ಯತೆ ಸಿಕ್ಕಿತು. ಸಾಫ್ಟ್‌ವೇರ್ ತಯಾರಿಕೆಯ ಶಿಸ್ತನ್ನು ಅಳೆಯಲು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಮಾಪನದಲ್ಲಿ ಅದೇ ಅತ್ಯುನ್ನತ ಹಂತ. ಆ ದಶಕದಲ್ಲಿ ಇನ್ಫೊಸಿಸ್‌ನ ಗುಣಮಟ್ಟ ವಿಭಾಗದ ಹೊಣೆ ಹೊತ್ತಿದ್ದ ಪ್ರಾಧ್ಯಾಪಕ ಪಂಕಜ್ ಜಲೋಟೆ ಈ ಪದ್ಧತಿಯ ಮೇಲೆ ಪುಸ್ತಕವನ್ನೇ ಬರೆದರು. ಅಡುಗೆಮನೆಯ ಗುಟ್ಟನ್ನು ಹೀಗೆ ಬಹಿರಂಗವಾಗಿ ಬರೆಯಲು ಬಿಟ್ಟದ್ದೂ ಆ ಕಾಲದ ಇನ್ಫೊಸಿಸ್‌ನ ಸ್ವಭಾವವನ್ನು ಹೇಳುತ್ತದೆ.

ಷೇರುದಾರರ ಮುಂದೆ

1993ರಲ್ಲಿ ಇನ್ಫೊಸಿಸ್ ಸಾರ್ವಜನಿಕರಿಗೆ ಷೇರು ನೀಡಿತು. ಒಂದಕ್ಕೆ 95 ರೂಪಾಯಿ. ಸಾಫ್ಟ್‌ವೇರ್ ಎಂದರೆ ಏನೆಂದು ತಿಳಿಯದ ಜನ ಮುಂದೆ ಬರಲಿಲ್ಲ. ಪೂರ್ತಿ ಮಾರಾಟವಾಗದೆ ಉಳಿದ ಷೇರುಗಳನ್ನು ಹೂಡಿಕೆ ಬ್ಯಾಂಕಾದ ಮಾರ್ಗನ್ ಸ್ಟ್ಯಾನ್ಲಿ ಕೊಂಡಿತು. ಜೂನ್‌ನಲ್ಲಿ ಷೇರುಪೇಟೆಯಲ್ಲಿ ವಹಿವಾಟು ಆರಂಭವಾದಾಗ ಬೆಲೆ 145 ರೂಪಾಯಿ. ಮರುವರ್ಷವೇ ನೌಕರರಿಗೆ ಷೇರು ಕೊಡುವ ಯೋಜನೆ ಬಂತು. ಲಾಭ ಮಾಲೀಕರ ಮನೆಗೆ, ಸಂಬಳ ನೌಕರರ ಮನೆಗೆ ಎಂಬ ಹಳೆಯ ಪಾಲುಪಟ್ಟಿ ಅಲ್ಲಿ ಬದಲಾಯಿತು. ಸಂಬಳ ಬಿಟ್ಟು ಬೇರೆ ಆಸ್ತಿ ಕಾಣದ ಮಧ್ಯಮ ವರ್ಗದ ಮಕ್ಕಳು ಕಂಪನಿಯ ಪಾಲುದಾರರಾದರು. ಬೆಂಗಳೂರಿನ ಎಷ್ಟೋ ಬಡಾವಣೆಗಳ ಮನೆಗಳ ತಳಪಾಯದಲ್ಲಿ ಆ ಷೇರುಗಳಿವೆ.

ಅನುಮಾನವಿದ್ದರೆ ಮುಚ್ಚಿಡಬೇಡಿ, ಹೇಳಿಬಿಡಿ ಎಂಬುದು ಒಳಗಿನವರು ಪಾಲಿಸುತ್ತಿದ್ದ ನಿಯಮ. ಕಾನೂನು ಕೇಳದಿದ್ದಾಗಲೂ ಅಮೆರಿಕದ ಲೆಕ್ಕಪತ್ರ ಪದ್ಧತಿಯಲ್ಲಿ ಲೆಕ್ಕ ಪ್ರಕಟಿಸಿದರು. ವಾರ್ಷಿಕ ವರದಿಯಲ್ಲಿ ಯಂತ್ರ, ಕಟ್ಟಡಗಳ ಜೊತೆಗೆ ನೌಕರರ ಮೌಲ್ಯವನ್ನೂ ಅಂದಾಜು ಮಾಡಿ ತೋರಿಸಿದರು. 1999ರ ಮಾರ್ಚ್ 11ರಂದು ಅಮೆರಿಕದ ನಾಸ್ಡಾಕ್ ಷೇರುಪೇಟೆಯಲ್ಲಿ ನೋಂದಣಿಯಾದ ಮೊದಲ ಭಾರತೀಯ ಕಂಪನಿ ಎನಿಸಿಕೊಳ್ಳಲು ಈ ರೂಢಿಯೇ ನೆರವಾಯಿತು.

1995ರ ಒಂದು ಪ್ರಸಂಗವನ್ನು ಮೂರ್ತಿ ಹಲವು ಸಲ ನೆನೆದಿದ್ದಾರೆ. ಆದಾಯದ ಕಾಲು ಭಾಗ ಕೊಡುತ್ತಿದ್ದ ವಿದೇಶಿ ಗ್ರಾಹಕ ಕಂಪನಿ ದರ ಇಳಿಸಲು ಪಟ್ಟು ಹಿಡಿಯಿತು. ಆ ದರಕ್ಕೆ ಒಳ್ಳೆಯ ಕೆಲಸ ಕೊಡಲಾಗದು ಎಂದು ಇವರು ವಿನಯದಿಂದಲೇ ಕೈಮುಗಿದರು. ಒಬ್ಬ ಗ್ರಾಹಕ, ಒಂದು ದೇಶ, ಒಂದು ತಂತ್ರಜ್ಞಾನವನ್ನೇ ನೆಚ್ಚಿಕೊಳ್ಳಬಾರದು ಎಂಬ ಪಾಠ ಅಂದಿನಿಂದ ಕಂಪನಿಯ ನೀತಿಯಾಯಿತು.

ಮೈಸೂರಿನ ದೊಡ್ಡ ಶಾಲೆ

ಕನ್ನಡ ನಾಡಿಗೆ ಇನ್ಫೊಸಿಸ್ ಹೆಚ್ಚು ಹತ್ತಿರವಾದದ್ದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಆವರಣದಲ್ಲಿ. ಮುನ್ನೂರು ಎಕರೆಗೂ ಹೆಚ್ಚು ಜಾಗ. ಮೊದಲ ತರಬೇತಿ ಕೇಂದ್ರ 2005ರಲ್ಲಿ, ಎತ್ತರದ ಕಂಬಗಳ ಎರಡನೆಯ ಕೇಂದ್ರ 2009ರಲ್ಲಿ ಸಿದ್ಧವಾಯಿತು. ಒಂದೇ ಸಲಕ್ಕೆ ಸುಮಾರು 14,000 ಮಂದಿಗೆ ಕಲಿಸುವ ವ್ಯವಸ್ಥೆ ಅಲ್ಲಿದೆ. ವಸತಿ, ಗ್ರಂಥಾಲಯ, ಆಟದ ಮೈದಾನ, ಈಜುಕೊಳ ಎಲ್ಲವೂ ಒಳಗೇ. ಮೈಸೂರಿನಲ್ಲೇ ಎಂಜಿನಿಯರಿಂಗ್ ಓದಿದ ನಾರಾಯಣಮೂರ್ತಿಯವರ ಕಂಪನಿ ಅದೇ ಊರಿನಲ್ಲಿ ಇಂಥ ಶಾಲೆ ಕಟ್ಟಿದೆ.

ಇಲ್ಲಿಗೆ ಬರುವವರಲ್ಲಿ ಮೆಕ್ಯಾನಿಕಲ್, ಸಿವಿಲ್ ಓದಿದವರೂ ಇರುತ್ತಾರೆ. ಕಂಪ್ಯೂಟರ್ ಸೈನ್ಸ್ ಓದದವರಿಗೂ ಕೆಲವು ತಿಂಗಳಲ್ಲಿ ಪ್ರೋಗ್ರಾಮಿಂಗ್, ಡೇಟಾಬೇಸ್, ಇಂಗ್ಲಿಷ್ ಮಾತುಗಾರಿಕೆ, ಗ್ರಾಹಕರ ಜೊತೆ ನಡೆದುಕೊಳ್ಳುವ ರೀತಿ ಎಲ್ಲ ಕಲಿಸುತ್ತಾರೆ. ಹೆಸರಾಂತ ಕಾಲೇಜಿನಲ್ಲಿ ಓದಿದವರೂ ತಾಲ್ಲೂಕಿನ ಕಾಲೇಜಿನಿಂದ ಬಂದವರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಒಂದೇ ಪರೀಕ್ಷೆ ಬರೆಯುತ್ತಾರೆ. ಹೊರಬರುವಾಗ ಎಲ್ಲರೂ 'ಇನ್ಫೊಸಿಯನ್'ಗಳು. ಹೊಸಬರನ್ನು ಉದ್ಯೋಗಕ್ಕೆ ತಕ್ಕಂತೆ ತಿದ್ದುವ ಹೊಣೆಯನ್ನು ಇಷ್ಟು ದೊಡ್ಡದಾಗಿ ಹೊತ್ತ ಖಾಸಗಿ ಸಂಸ್ಥೆಗಳು ಜಗತ್ತಿನಲ್ಲೇ ಕಡಿಮೆ.

ಲೆಕ್ಕ ಬಾಕಿ ಇರುವ ಕಡೆ

ಗೌರವವಿರುವ ಕಡೆ ಪ್ರಶ್ನೆಯೂ ಇರಬೇಕು. ಸ್ಥಾಪಕರ ಮಕ್ಕಳಿಗೆ ಕಂಪನಿಯಲ್ಲಿ ಜಾಗವಿಲ್ಲ ಎಂಬ ನಿಯಮ 2013ರಲ್ಲಿ ಮೂರ್ತಿಯವರ ಮಗನಿಗಾಗಿ ಸಡಿಲವಾಯಿತು; ಮರುವರ್ಷ ಅವರು ಹೊರನಡೆದಾಗ ಆ ಅಧ್ಯಾಯ ಮುಗಿಯಿತು. ಅದೇ 2013ರಲ್ಲಿ ಅಮೆರಿಕದ ವೀಸಾ ಬಳಕೆಯ ಪ್ರಕರಣವನ್ನು ಕಂಪನಿ 3.4 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ತಪ್ಪು ಮಾಡಿದ್ದೇವೆ ಎಂದು ಮಾತ್ರ ಒಪ್ಪಲಿಲ್ಲ. 2017ರಲ್ಲಿ ಮೇಲಿನವರ ಸಂಬಳ ಏರಿಕೆಯ ಬಗ್ಗೆ ಮೂರ್ತಿಯವರೇ ಬಹಿರಂಗವಾಗಿ ಆಕ್ಷೇಪಿಸಿದರು. ಅದೇ ವರ್ಷ ಸ್ಥಾಪಕರಲ್ಲದ ಮೊದಲ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು.

ಸಂಬಳದ ಪ್ರಶ್ನೆ ಇನ್ನೂ ಉಳಿದಿದೆ. ಸಾಮಾನ್ಯ ಫ್ರೆಶರ್‌ನ ವಾರ್ಷಿಕ ಸಂಬಳ ಹತ್ತು ಹದಿನೈದು ವರ್ಷಗಳಿಂದ ಮೂರರಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಇದೆ. ಸಿಇಒ ಸಲೀಲ್ ಪಾರೇಖ್ ಅವರ ವಾರ್ಷಿಕ ಗಳಿಕೆ 2024–25ರಲ್ಲಿ 80 ಕೋಟಿ ರೂಪಾಯಿ ದಾಟಿತು. ಈ ಅಂಕಿ ನಮಗೆ ಸಿಗುವುದು ಕಂಪನಿಯ ವಾರ್ಷಿಕ ವರದಿಯಿಂದಲೇ. ಆದರೆ ಹೇಳಿಬಿಟ್ಟ ಮಾತ್ರಕ್ಕೆ ಅಂತರ ನ್ಯಾಯವಾಗುವುದಿಲ್ಲ. ಬೆಂಗಳೂರಿನ ಮನೆ ಬಾಡಿಗೆ ಕಟ್ಟಿ, ಶಿಕ್ಷಣ ಸಾಲದ ಕಂತು ತೀರಿಸುವ ಹುಡುಗನಿಗೆ ಈ ಅಂತರದ ಬಿಸಿ ತಿಂಗಳ ಕೊನೆಯಲ್ಲಿ ತಟ್ಟುತ್ತದೆ.

ಇನ್ನೂ ನೋವಿನ ಸಂಗತಿ 2025ರ ಫೆಬ್ರುವರಿಯದು. ಮೈಸೂರಿನ ಆವರಣದಿಂದ ಮುನ್ನೂರಕ್ಕೂ ಹೆಚ್ಚು ತರಬೇತಿ ಅಭ್ಯರ್ಥಿಗಳನ್ನು ಹೊರಕಳಿಸಲಾಯಿತು. ಅವರಲ್ಲಿ ಅನೇಕರು 2022ರಲ್ಲಿ ಪದವಿ ಮುಗಿಸಿ, ಆಫರ್ ಲೆಟರ್ ಹಿಡಿದು ಎರಡು ವರ್ಷ ಕಾದವರು. ಮೂರು ಅವಕಾಶ ಕೊಟ್ಟರೂ ಪರೀಕ್ಷೆ ಪಾಸಾಗಲಿಲ್ಲ, ಒಪ್ಪಂದದಲ್ಲೇ ಈ ಷರತ್ತಿದೆ ಎಂದು ಕಂಪನಿ ಹೇಳಿತು. ಕೇಂದ್ರ ಕಾರ್ಮಿಕ ಸಚಿವಾಲಯ ಈ ವಿಷಯವನ್ನು ಪರಿಶೀಲಿಸುವಂತೆ ರಾಜ್ಯಕ್ಕೆ ಬರೆಯಿತು. ಪರೀಕ್ಷೆ ಇರಬಾರದು ಎಂದು ಯಾರೂ ಹೇಳುವುದಿಲ್ಲ. ಆದರೆ ಎರಡು ವರ್ಷ ಕಾಯಿಸಿದ ಮೇಲೆ ಕಾಯಿಸಿದ್ದಕ್ಕೂ ಒಂದು ಲೆಕ್ಕ ಇರಬೇಕು. ತಂಡದಲ್ಲಿ ದೋಷ ಸಿಕ್ಕಾಗ ಯಾಕೆ ಆಯಿತು ಎಂದು ಕೇಳುವ ಸಂಸ್ಥೆ, ಒಂದೇ ಸಲ ಮುನ್ನೂರು ಮಂದಿ ನಪಾಸಾದಾಗಲೂ ಅದೇ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಬೇಕು. ಪಾಠದಲ್ಲಿ ಕೊರತೆಯಿತ್ತೇ? ಆಯ್ಕೆಯಲ್ಲಿ ಎಡವಿದೆವೇ? ಎಷ್ಟು ಜನ ಸೇರಿದರು, ಎಷ್ಟು ಜನ ದಾಟಿದರು ಎಂಬ ಅಂಕಿಯನ್ನು ಪ್ರತಿ ವರ್ಷ ಪ್ರಕಟಿಸಲು ಸಾಧ್ಯವೇ? ಷೇರುದಾರರಿಗೆ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುವವರಿಗೆ ಇದು ಕಷ್ಟದ ಕೆಲಸವಲ್ಲ.

ಈ ಸಂಸ್ಥೆ ನಮ್ಮ ಕಾಲದ ದೊಡ್ಡ ಸಾಧನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಲಂಚ ಕೊಡದೆ, ಸುಳ್ಳು ಲೆಕ್ಕ ಬರೆಯದೆ ಬೆಳೆಯಬಹುದು ಎಂದು ಒಂದು ತಲೆಮಾರು ನಂಬುವಂತೆ ಮಾಡಿದ ಕಂಪನಿ ಇದು. ಆ ನಂಬಿಕೆ ಮೈಸೂರಿನ ಗೇಟಿನ ಒಳಗೆ ಕಾಲಿಡುವ ಇಪ್ಪತ್ತೆರಡರ ಹುಡುಗ ಹುಡುಗಿಯರಿಗೂ ಸಿಗಬೇಕು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಗೆ ಯಾವ ಕಂಪನಿಯಿಂದ ಆಫರ್ ಲೆಟರ್ ಬಂದರೂ, ಸಿಹಿ ಹಂಚಿದ ಮೇಲೆ ಮಗನನ್ನೋ ಮಗಳನ್ನೋ ಪಕ್ಕ ಕೂರಿಸಿಕೊಂಡು ಅದನ್ನು ಕೊನೆಯ ಪುಟದವರೆಗೂ ಓದಿ. ಸೇರುವ ದಿನಾಂಕ ಇದೆಯೇ, ತರಬೇತಿ ಎಷ್ಟು ತಿಂಗಳು, ಪರೀಕ್ಷೆ ಎಷ್ಟು, ನಪಾಸಾದರೆ ಏನು ಎಂಬುದನ್ನು ಗುರುತು ಹಾಕಿ. ತಿಳಿಯದಿದ್ದರೆ ಕಂಪನಿಗೆ ಪತ್ರ ಬರೆದು ಕೇಳಿ.